ಹಳೆಯ ಚರ್ಚ್ ಪುಸ್ತಕಗಳ ಬೇಟೆ ಶುರುವಾಗಿದ್ದು ಒಂದು ಜಗಳದಿಂದ

1559ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಎರಡು ದಪ್ಪ ಲ್ಯಾಟಿನ್ ಪುಸ್ತಕಗಳು ಹೊರಬಂದವು. ಎರಡರ ಹಿಂದೆಯೂ ಇದ್ದವನು ಯೋಹಾನೆಸ್ ಒಪೋರಿನಸ್ ಎಂಬ ಮುದ್ರಕ. ಕುರಾನಿನ ಲ್ಯಾಟಿನ್ ಅನುವಾದ ಅಚ್ಚು ಹಾಕಲು ಹೋಗಿ ಜೈಲು ಕಂಡು ಬಂದಿದ್ದ ಗಟ್ಟಿಗ. ಅವನಲ್ಲಿ ಪ್ರೂಫ್ ತಿದ್ದುತ್ತಾ ಹೊಟ್ಟೆ ಹೊರೆಯುತ್ತಿದ್ದ ಇಂಗ್ಲೆಂಡಿನ ನಿರಾಶ್ರಿತ ಜಾನ್ ಫಾಕ್ಸ್ ಬರೆದದ್ದು ಒಂದು ಪುಸ್ತಕ. ಇನ್ನೊಂದು, ಜರ್ಮನಿಯ ಮಾಗ್ಡೆಬುರ್ಗಿನ ಪಂಡಿತರು ಬರೆದ ಚರ್ಚ್ ಇತಿಹಾಸದ ಮೊದಲ ಕಂತು.

ಅಪರೂಪದ ಚರ್ಚ್ ಇತಿಹಾಸದ ಪುಸ್ತಕ ಹುಡುಕುವವರು ಇವತ್ತಿಗೂ ಸುತ್ತಿ ಸುತ್ತಿ ಬರುವುದು ಈ ಕಾಲಕ್ಕೇ. ಯಾಕೆಂದರೆ ಆಗ ಇತಿಹಾಸ ಸುಮ್ನೆ ಓದುವ ವಿಷಯ ಆಗಿರಲಿಲ್ಲ, ಅದು ಸಾಕ್ಷಿ. 'ನಿಮ್ಮ ಲೂಥರ್ ಹುಟ್ಟುವ ಮೊದಲು ನಿಮ್ಮ ಧರ್ಮ ಎಲ್ಲಿತ್ತು?' ಎಂದು ಕ್ಯಾಥೊಲಿಕರು ಕೇಳುತ್ತಿದ್ದರು. ಉತ್ತರ ಕೊಡಲು, ಲೂಥರನ ಹಾದಿ ಹಿಡಿದು ಪೋಪರಿಂದ ಬೇರೆಯಾದ ಪ್ರಾಟೆಸ್ಟಂಟರಿಗೆ ಹಳೆಯ ದಾಖಲೆ ಬೇಕಿತ್ತು.

ಆ ಕೆಲಸಕ್ಕೆ ಇಳಿದವನು ಮಥಿಯಾಸ್ ಫ್ಲಾಸಿಯಸ್. ಹುಟ್ಟಿದ್ದು 1520ರಲ್ಲಿ, ಇಂದಿನ ಕ್ರೊವೇಷಿಯಾದ ಲಾಬಿನ್ ಎಂಬಲ್ಲಿ. ಹಳೆಯ ಹಸ್ತಪ್ರತಿಗಳಿಗಾಗಿ ದೇಶದೇಶಕ್ಕೆ ಆಳು ಕಳಿಸಿದ. ವಿಯೆನ್ನಾದಲ್ಲಿ ಕ್ಯಾಥೊಲಿಕ್ ದೊರೆಯ ಆಸ್ಥಾನದಲ್ಲೇ ಇದ್ದ ಒಬ್ಬ ಅಧಿಕಾರಿ ಅವನಿಗೆ ಗುಟ್ಟಾಗಿ ನೆರವಾದ. ಫ್ಲಾಸಿಯಸ್ ಸನ್ಯಾಸಿ ವೇಷದಲ್ಲಿ ಮಠಗಳಿಗೆ ನುಗ್ಗಿ, ಅಂಗಿಯೊಳಗೆ ಚಾಕು ಇಟ್ಟುಕೊಂಡು ಬೇಕಾದ ಹಾಳೆ ಕತ್ತರಿಸಿ ತರುತ್ತಾನೆ ಎಂಬ ಮಾತು ಹಬ್ಬಿತು. 'ಫ್ಲಾಸಿಯಸನ ಚಾಕು' ಗಾದೆಯಂತೆಯೇ ಉಳಿಯಿತು.

ಹಾಗೆ ಕೂಡಿಟ್ಟ ಸರಕಿನಿಂದ, ಬಾಸೆಲಿನಲ್ಲಿ ಮೊದಲ ಕಂತು ಕಂಡ ಮಾಗ್ಡೆಬುರ್ಗಿನ ಇತಿಹಾಸ 1574ರ ಹೊತ್ತಿಗೆ 13 ಸಂಪುಟಗಳಾಯಿತು. ಚರ್ಚಿನ ಒಂದೊಂದು ಶತಮಾನದ ಕಥೆಗೆ ಒಂದೊಂದು ಸಂಪುಟ. ರೋಮ್ ಸುಮ್ಮನಿರುತ್ತದೆಯೇ? ಚೆಸಾರೆ ಬಾರೋನಿಯೊ ಎಂಬ ಪಾದ್ರಿ ಉತ್ತರ ಬರೆಯಲು ಕೂತ. 1588ರಿಂದ 1607ರವರೆಗೆ 12 ಸಂಪುಟ. ನಡುವೆ ವ್ಯಾಟಿಕನ್ ಗ್ರಂಥಾಲಯದ ಹೊಣೆಯೂ ಅವನಿಗೇ ಬಂತು. ಎದುರಾಳಿಗೆ ಸಿಗದ ಕಾಗದಗಳೆಲ್ಲ ಅವನ ಕೈಯಳತೆಯಲ್ಲೇ ಇದ್ದವು! ಎರಡನ್ನೂ ಅಕ್ಕಪಕ್ಕ ಇಟ್ಟು ಓದದೆ ಈ ಜಗಳ ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಊರಿಗೆ ಮರಳಿದ ಫಾಕ್ಸ್ 1563ರಲ್ಲಿ ತನ್ನ ಪುಸ್ತಕವನ್ನು ಇಂಗ್ಲಿಷಿನಲ್ಲಿ ತಂದ. ಸುಮಾರು 1,800 ದೊಡ್ಡ ಪುಟ, ನಂಬಿಕೆಗಾಗಿ ಸುಟ್ಟು ಕೊಲ್ಲಲ್ಪಟ್ಟವರ ಮರದಚ್ಚಿನ ಚಿತ್ರಗಳು. 1571ರಲ್ಲಿ ದೊಡ್ಡ ಚರ್ಚುಗಳಲ್ಲೆಲ್ಲ ಒಂದೊಂದು ಪ್ರತಿ ಇಡಬೇಕು ಎಂದು ಅಪ್ಪಣೆಯಾಯಿತು. ಜನ ತಿರುವಿ ತಿರುವಿ ಓದಿದರು. ಹಾಗಾಗಿ ಮೊದಲ ಮತ್ತು ಕೊನೆಯ ಹಾಳೆ ನೆಟ್ಟಗಿರುವ ಪ್ರತಿ ಸಿಗುವುದೇ ಕಷ್ಟ. ಇದಕ್ಕಿಂತ ಜಾಸ್ತಿ ನೋವು ಕೊಡುವುದು ಚಿತ್ರಗಳನ್ನು ಕತ್ತರಿಸಿ, ಚೌಕಟ್ಟು ಹಾಕಿ, ಬಿಡಿಬಿಡಿಯಾಗಿ ಮಾರುವ ವ್ಯಾಪಾರ. ನಾಲ್ಕು ಶತಮಾನ ಉಳಿದ ಪುಸ್ತಕವನ್ನು ಗೋಡೆಯ ಅಲಂಕಾರಕ್ಕೆ ಹರಿಯುವುದು ತಪ್ಪು. ಅಂಥ ಹಾಳೆಯನ್ನು ಕೊಳ್ಳುವುದೂ ತಪ್ಪೇ.

ಕೊಳ್ಳುವವರು ಮೊದಲು ನೋಡುವುದು ಪುಟದ ಬುಡವನ್ನು. ಅಲ್ಲಿ a2, a3 ಎಂದು ಸಣ್ಣ ಗುರುತು ಇರುತ್ತದೆ. ಹಲವು ಪುಟ ಒಟ್ಟಿಗೆ ಅಚ್ಚಾದ ಒಂದೊಂದು ದೊಡ್ಡ ಹಾಳೆ, ಅಂದರೆ ಫಾರಂ, ಮಡಚಿ ಹೊಲಿಯುವಾಗ ಸಾಲು ತಪ್ಪದಿರಲಿ ಎಂದು ಹಾಕಿದ್ದು. ಅದನ್ನು ಎಣಿಸಿದರೆ ಯಾವ ಹಾಳೆ ಕಾಣೆಯಾಗಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಮುಖಪುಟ. ಪೋಪರ 1559ರ ನಿಷೇಧದ ಪಟ್ಟಿಯಲ್ಲಿ ಬರೆದವರಷ್ಟೇ ಅಲ್ಲ, ಅಚ್ಚು ಹಾಕಿದವರ ಹೆಸರೂ ಇತ್ತು. ಆ ಕಾಲದ ಕೆಲವು ಪ್ರತಿಗಳಲ್ಲಿ ಹೆಸರಿನ ಮೇಲೆ ದಪ್ಪಗೆ ಶಾಯಿ ಬಳಿದಿರುತ್ತಾರೆ. ಅದನ್ನು ಕಲೆ ಎಂದು ತೊಳೆಯಲು ಹೋಗಬಾರದು. ಪುಸ್ತಕ ಯಾರ ಕೈ ದಾಟಿ ಬಂತು ಎಂಬುದಕ್ಕೆ ಅದೇ ಪುರಾವೆ ಅಲ್ವಾ?

ಕಾಗದವೂ ಬೆರಗು ಹುಟ್ಟಿಸುತ್ತದೆ. ಆಗಿನದು ಹಳೆಯ ಬಟ್ಟೆ ಕೊಳೆಸಿ ಮಾಡಿದ ಕಾಗದ, ಇಂದಿಗೂ ಮಡಚಿದರೆ ಮುರಿಯುವುದಿಲ್ಲ. ಅದೇ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಲ್ಲಿ ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದು) ಶುರುಮಾಡಿತು. ಆದರೆ 19ನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಎಲ್ಲೆಡೆ ಬಂದಿತ್ತು. ಆ ಕಾಲದ ನಮ್ಮ ಎಷ್ಟೋ ಪುಸ್ತಕಗಳು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತವೆ. ಅದಕ್ಕಿಂತ 300 ವರ್ಷ ಹಳೆಯದು ಗಟ್ಟಿಯಾಗಿದೆ.

ಫ್ಲಾಸಿಯಸನ ಪುಸ್ತಕರಾಶಿಯನ್ನು 1597ರಲ್ಲಿ ಒಬ್ಬ ಡ್ಯೂಕ್ ಕೊಂಡ. ಅದರ ಬಹುಪಾಲು ಈಗ ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಗ್ರಂಥಾಲಯದಲ್ಲಿದೆ. ಅವನ ಕೈಗೆ ಸಿಗದ ಹಸ್ತಪ್ರತಿಗಳು? ಮಠಗಳು ಮುಚ್ಚಿದಾಗ ತೊಗಲಿನ ಹಾಳೆಗಳು ಬೈಂಡರುಗಳ ಪಾಲಾದವು. ಅವರು ಅದನ್ನು ಪಟ್ಟಿಯಾಗಿ ಕತ್ತರಿಸಿ, ಹೊಸ ಪುಸ್ತಕಗಳ ಬೆನ್ನಿಗೆ ಬಿಗಿಯಾಗಲಿ ಎಂದು ಅಂಟಿಸಿದರು. ಆ ಕಾಲದ ಪುಸ್ತಕದ ರಟ್ಟು ಸಡಿಲವಾಗಿದ್ದರೆ ಬೆನ್ನಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕೆಲವೊಮ್ಮೆ ಬೆರಳಗಲದ ಪಟ್ಟಿಯಲ್ಲಿ ಕೈಬರಹದ ಎರಡು ಸಾಲು ಕಾಣುತ್ತವೆ. ಕೀಳಬೇಡಿ, ಫೋಟೊ ತೆಗೆದುಕೊಳ್ಳಿ.