ಉಳಿಸುವ ಮರ, ಕಡಿಯುವ ಮರ: ಮೈಸೂರು ಸೀಮೆಯ ಸರ್ಕಾರಿ ಕಾಡಿನ ನಿರ್ವಹಣೆ ಕುರಿತ ಅಧ್ಯಯನ ಟಿಪ್ಪಣಿ

ಹುಣಸೂರಿನಿಂದ ವೀರನಹೊಸಹಳ್ಳಿಯ ಮೂಲಕ ನಾಗರಹೊಳೆಯ ಕಾಡನ್ನು ಹೊಕ್ಕರೆ, ಮತ್ತಿ, ನಂದಿ, ದಿಂಡಿಗ ಬೆರೆತ ಸಹಜ ಕಾಡಿನ ನಡುವೆ ಅಲ್ಲಲ್ಲಿ ತೇಗದ ಮರಗಳು ಸಾಲು ಹಿಡಿದು ನಿಂತಿರುವುದು ಕಾಣುತ್ತದೆ. ಕಬ್ಬಿನ ಗದ್ದೆಯ ಹಾಗೆ ಒಂದೇ ಜಾತಿಯ, ಒಂದೇ ವಯಸ್ಸಿನ ಈ ಮರಗಳು ನೆಟ್ಟು ಬೆಳೆಸಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮೊದಲ್ಗೊಂಡು ಬಹುಕಾಲ ಇಲ್ಲಿ ಸಹಜ ಕಾಡನ್ನು ತೆಗೆದು ತೇಗ ನೆಡುವ ಕೆಲಸ ನಡೆಯಿತು. ಅದರ ಉದ್ದೇಶ ನಾಟಾ, ಅಂದರೆ ಕಡಿದು ಬಳಸುವ ಮರ. ಅದೇ ನೆಲ 1955ರಲ್ಲಿ ವನ್ಯಜೀವಿ ಧಾಮವಾಯಿತು, 1988ರಲ್ಲಿ ಸುಮಾರು 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು, ಆನಂತರ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಒಂದು ಉದ್ದೇಶಕ್ಕಾಗಿ ರೂಪಿಸಿದ ಕಾಡನ್ನು ಮತ್ತೊಂದು ಉದ್ದೇಶಕ್ಕಾಗಿ ನೋಡಿಕೊಳ್ಳಬೇಕಾಗಿ ಬಂದಾಗ ಏನು ಮಾಡಬೇಕು ಎಂಬುದು ಅರಣ್ಯಶಾಸ್ತ್ರವನ್ನು ಓದುವ ನಮ್ಮೆಲ್ಲರಿಗೂ ಪಠ್ಯದ ಆಚೆಗೂ ಮುಖ್ಯವಾದ ಪ್ರಶ್ನೆ.

ನಾಟಾದ ಪಾಠಗಳೆಲ್ಲ ಯಾವ ಮರವನ್ನು, ಯಾವಾಗ, ಎಷ್ಟು ಕಡಿಯಬಹುದು ಎಂಬುದನ್ನು ಕಲಿಸುತ್ತವೆ. ವನ್ಯಜೀವಿಗಳ ಮಟ್ಟಿಗಾದರೆ, ಕಡಿದ ಮೇಲೆ ಏನು ಉಳಿಯಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಈ ಟಿಪ್ಪಣಿಯನ್ನು ನಾನು ಆ ದೃಷ್ಟಿಯಿಂದಲೇ ಬರೆಯುತ್ತಿದ್ದೇನೆ: ಉಳಿಸಬೇಕಾದುದನ್ನು ಮೊದಲು ಗುರುತಿಸಿ, ಆಮೇಲೆ ಕಡಿಯುವುದರ ಲೆಕ್ಕಕ್ಕೆ ಬರುವುದು ಸರಿಯಾದ ಕ್ರಮ.

ಎಲ್ಲಿ ಕಡಿಯಬಹುದು

ಲೆಕ್ಕಕ್ಕೆ ಮುಂಚೆ ಕಾನೂನಿನ ಗಡಿ ತಿಳಿದಿರಬೇಕು. 1952ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ ನಾಟಾ ಮತ್ತು ಕೈಗಾರಿಕೆಯ ಅಗತ್ಯಗಳಿಗೆ ದೊಡ್ಡ ಸ್ಥಾನವಿತ್ತು. 1988ರ ನೀತಿ ಪರಿಸರದ ಸ್ಥಿರತೆಯನ್ನು ಮುಂದಿಟ್ಟು, ಕಾಡಿನಿಂದ ಬರುವ ಆದಾಯವನ್ನು ಅದರ ನಂತರದ ಮಾತಾಗಿ ಪರಿಗಣಿಸಿತು. ಕಾಡಿನ ರಕ್ಷಣೆ ಕೋರಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ನೀಡಿದ ಆದೇಶದ ಬಳಿಕ, ಕೇಂದ್ರ ಸರ್ಕಾರ ಅನುಮೋದಿಸಿದ ಕಾರ್ಯಯೋಜನೆಗೆ ಅನುಗುಣವಾಗಿಯಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ. ರಾಷ್ಟ್ರೀಯ ಉದ್ಯಾನದ ಒಳಗೆ ನಿರ್ಬಂಧ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಮಿನ ಪ್ರಕಾರ, ಅಲ್ಲಿಂದ ಅರಣ್ಯ ಉತ್ಪನ್ನವನ್ನು ತೆಗೆಯುವುದು ವನ್ಯಜೀವಿಗಳ ಒಳಿತಿಗೆ ಅಗತ್ಯವಾಗಿದ್ದರೆ ಮಾತ್ರ ಸಾಧ್ಯ. ಹಾಗೆ ತೆಗೆದುದನ್ನು ಸುತ್ತಲಿನ ಜನರ ಸ್ವಂತ ಬಳಕೆಗೆ ಕೊಡಬಹುದೇ ಹೊರತು ವ್ಯಾಪಾರಕ್ಕೆ ಬಿಡುವಂತಿಲ್ಲ. 2000ದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಲ್ಲಿ ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ಸಾಗಿಸದಂತೆ ತಡೆಯಿತು.

ಆದುದರಿಂದ ನಾಟಾ ಮತ್ತು ವನ್ಯಜೀವಿ ಎರಡನ್ನೂ ಒಟ್ಟಿಗೆ ನಿರ್ವಹಿಸುವ ಅವಕಾಶವಿರುವುದು ಮುಖ್ಯವಾಗಿ ಉದ್ಯಾನದ ಹೊರಗಿನ ಮೀಸಲು ಅರಣ್ಯಗಳಲ್ಲಿ, ಅಂದರೆ ಅರಣ್ಯ ಇಲಾಖೆಯ ಪ್ರಾದೇಶಿಕ ವಿಭಾಗಗಳ ಕೈಕೆಳಗಿರುವ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಕಾಡು ಮತ್ತು ನೆಡುತೋಪುಗಳಲ್ಲಿ. ಪರೀಕ್ಷೆಯ ಉತ್ತರಗಳಲ್ಲಿ ಈ ಎರಡು ಬಗೆಯ ನೆಲವನ್ನು ಬೆರೆಸಿ ಬರೆಯುವುದು ಸಾಮಾನ್ಯವಾಗಿ ಕಾಣುವ ದೋಷ. ಉದ್ಯಾನದ ತೇಗಕ್ಕೆ ಕಟಾವಿನ ಲೆಕ್ಕ ಹಾಕಿದರೆ ಉತ್ತರದ ಉಳಿದ ಭಾಗವೆಲ್ಲ ನಿರರ್ಥಕವಾಗುತ್ತದೆ.

ಇಳುವರಿಯ ಲೆಕ್ಕ ಮತ್ತು ಅದರ ಮಿತಿ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 800 ಹೆಕ್ಟೇರ್ ತೇಗದ ನೆಡುತೋಪಿದೆ, ಕಟಾವಿನ ಆವರ್ತ (ನೆಟ್ಟಂದಿನಿಂದ ಕಡಿಯುವವರೆಗಿನ ಅವಧಿ) 80 ವರ್ಷ. ವಿಸ್ತೀರ್ಣದ ಲೆಕ್ಕದಲ್ಲಿ ವರ್ಷಕ್ಕೆ 10 ಹೆಕ್ಟೇರ್ ಕಡಿದು, ಅಷ್ಟನ್ನೇ ಮತ್ತೆ ಬೆಳೆಸಬೇಕು. ಘನಪ್ರಮಾಣದ ಲೆಕ್ಕಕ್ಕೆ ಫಾನ್ ಮಾಂಟೆಲ್ ಸೂತ್ರವಿದೆ: ನಿಂತಿರುವ ಮರಗಳ ಒಟ್ಟು ಘನಪ್ರಮಾಣವನ್ನು ಎರಡರಿಂದ ಗುಣಿಸಿ ಆವರ್ತದಿಂದ ಭಾಗಿಸಬೇಕು. ತೋಪಿನಲ್ಲಿ 96,000 ಘನ ಮೀಟರ್ ಮರವಿದ್ದರೆ ವಾರ್ಷಿಕ ಇಳುವರಿ 2,400 ಘನ ಮೀಟರ್.

ಈ ಸೂತ್ರವನ್ನು ಬಾಯಿಪಾಠ ಮಾಡುವುದು ಸುಲಭ. ಅದು ಯಾವ ಊಹೆಯ ಮೇಲೆ ನಿಂತಿದೆ ಎಂಬುದನ್ನು ತಿಳಿಯುವುದು ಹೆಚ್ಚು ಮುಖ್ಯ. ಒಂದು ವರ್ಷದ ಸಸಿಯಿಂದ 80 ವರ್ಷದ ಮರದವರೆಗೆ ಎಲ್ಲ ವಯಸ್ಸಿನ ತೋಪುಗಳೂ ಸಮ ವಿಸ್ತೀರ್ಣದಲ್ಲಿವೆ ಎಂದು ಅದು ನಂಬುತ್ತದೆ. ವಾಸ್ತವದಲ್ಲಿ ನೆಡುವ ಕೆಲಸ ಕೆಲವು ದಶಕಗಳಲ್ಲಿ ಭರದಿಂದ ನಡೆದು ಆಮೇಲೆ ನಿಂತುಹೋಗಿರುತ್ತದೆ. ಹಾಗಾದಾಗ ಬಹುಕಾಲ ಕಡಿಯಲು ಬಲಿತ ಮರವೇ ಸಿಗುವುದಿಲ್ಲ, ಅನಂತರ ಎಲ್ಲವೂ ಒಮ್ಮೆಲೇ ಬಲಿಯುತ್ತವೆ. ಕಾಡುಪ್ರಾಣಿಗೂ ಇದೇ ಕೊರತೆ ಬೇರೆ ರೂಪದಲ್ಲಿ ಎದುರಾಗುತ್ತದೆ: ಎಲ್ಲ ಕಡೆಯೂ ಒಂದೇ ವಯಸ್ಸಿನ ಮರವಿದ್ದರೆ ಎಲ್ಲ ಕಡೆಯೂ ಒಂದೇ ಬಗೆಯ ನೆರಳು, ಒಂದೇ ಬಗೆಯ ಮೇವು, ಅಥವಾ ಮೇವೇ ಇಲ್ಲ. ವಯಸ್ಸುಗಳನ್ನು ಹಂಚಿ ಬೆಳೆಸುವುದು ನಾಟಾದ ದೃಷ್ಟಿಯಿಂದಲೂ ಪ್ರಾಣಿಗಳ ನೆಲೆಯ ದೃಷ್ಟಿಯಿಂದಲೂ ಲಾಭದಾಯಕ ಎಂಬುದು ಈ ಸೂತ್ರದಿಂದ ನಾನು ಕಲಿತ ನಿಜವಾದ ಪಾಠ. ಕೂಪುಗಳನ್ನು, ಅಂದರೆ ಒಂದು ಸಲಕ್ಕೆ ಕಡಿಯಲು ಗುರುತಿಸಿದ ತುಂಡುಗಳನ್ನು, ಒಂದರ ಪಕ್ಕ ಒಂದಾಗಿ ಹಾಕದೆ ದೂರ ದೂರ ಹಂಚುವುದೂ ಇದೇ ಕಾರಣಕ್ಕೆ.

ಕಡಿದ ಮರವನ್ನು ಸಂಗ್ರಹಿಸುವ ಡಿಪೋದಲ್ಲಿ ದಿಮ್ಮಿಯನ್ನು ಅಳೆಯುವ ವಿಧಾನವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದಿಮ್ಮಿಯ ನಡುಭಾಗದ ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 120 ಸೆಂಟಿಮೀಟರ್, ಉದ್ದ 5 ಮೀಟರ್ ಇದ್ದರೆ 0.30 × 0.30 × 5, ಅಂದರೆ 0.45 ಘನ ಮೀಟರ್. ಅದೇ ದಿಮ್ಮಿಯನ್ನು ಪೂರ್ಣ ಸಿಲಿಂಡರ್ ಎಂದು ಭಾವಿಸಿದರೆ ಸುಮಾರು 0.57 ಘನ ಮೀಟರ್ ಬರುತ್ತದೆ. ಕಾಲು ಸುತ್ತಳತೆಯ ಲೆಕ್ಕ ನಿಜವಾದ ಘನಪ್ರಮಾಣದ ಶೇಕಡಾ 78.5ರಷ್ಟನ್ನು ಮಾತ್ರ ತೋರಿಸುವುದರಿಂದ, ಬೆಳವಣಿಗೆಯ ಅಂಕಿಗಳನ್ನೂ ಡಿಪೋದ ಅಂಕಿಗಳನ್ನೂ ಹೋಲಿಸುವಾಗ ಎಚ್ಚರ ಬೇಕು.

ಥಿನ್ನಿಂಗ್: ಎರಡು ಉದ್ದೇಶಗಳೂ ಕೂಡುವ ಕೆಲಸ

ತೇಗವನ್ನು ಸಾಮಾನ್ಯವಾಗಿ ಸ್ಟಂಪ್ ಮಾಡಿ ನೆಡುತ್ತಾರೆ. ಮಡಿಯಲ್ಲಿ ಬೆಳೆದ ಸುಮಾರು ಒಂದು ವರ್ಷದ ಸಸಿಯನ್ನು ಕಿತ್ತು, ಹೆಬ್ಬೆರಳು ದಪ್ಪದ ತಾಯಿಬೇರನ್ನು 15ರಿಂದ 20 ಸೆಂಟಿಮೀಟರ್ ಉಳಿಸಿ, ಮೇಲೆ ಎರಡು ಮೂರು ಸೆಂಟಿಮೀಟರ್ ಕಾಂಡವನ್ನಷ್ಟೇ ಬಿಟ್ಟು ಹರಿತವಾದ ಕತ್ತಿಯಿಂದ ಕತ್ತರಿಸುತ್ತಾರೆ. ಹಾರೆಯಿಂದ ತೂತು ಮಾಡಿ ಅದನ್ನು ಇಳಿಸಿ, ಸುತ್ತ ಗಾಳಿ ಉಳಿಯದಂತೆ ಮಣ್ಣನ್ನು ಮೆಟ್ಟುತ್ತಾರೆ. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಗಿಡ. ಗಿಡಗಳು ಒತ್ತಾಗಿದ್ದರೆ ನೇರವಾಗಿ ಮೇಲೇಳುತ್ತವೆ, ಕೊಂಬೆ ಕಡಿಮೆ ಒಡೆಯುತ್ತವೆ. ಆದರೆ ಕೆಲವೇ ವರ್ಷಗಳಲ್ಲಿ ಮೇಲ್ಛಾವಣಿ ಕೂಡಿಕೊಂಡು ನೆಲಕ್ಕೆ ಬೆಳಕು ಬೀಳುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಗಿಡಗಳು ಒಂದನ್ನೊಂದು ಅದುಮುತ್ತವೆ, ಬುಡದಲ್ಲಿ ಹುಲ್ಲು ಸಾಯುತ್ತದೆ.

ಹೀಗಾಗದಂತೆ ನಡುನಡುವಿನ ಮರಗಳನ್ನು ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡುವುದೇ ಥಿನ್ನಿಂಗ್. ನಾಲ್ಕೈದು ವರ್ಷವಾದಾಗ ಓರೆ ಸಾಲುಗಳಲ್ಲಿ ಒಂದು ಬಿಟ್ಟು ಒಂದನ್ನು ತೆಗೆದರೆ 1,250 ಮರ ಉಳಿಯುತ್ತದೆ. ಎಂಟು ಹತ್ತು ವರ್ಷದ ಹೊತ್ತಿಗೆ ಮತ್ತೆ ಒಂದು ಬಿಟ್ಟು ಒಂದು ಸಾಲು ತೆಗೆದರೆ ನಾಲ್ಕು ಮೀಟರ್ ಅಂತರದಲ್ಲಿ 625 ಮರ. ಇಲ್ಲಿಯವರೆಗೆ ಕೆಲಸ ಯಾಂತ್ರಿಕ. ಮರದ ಗುಣವನ್ನು ನೋಡುವ ಪ್ರಮೇಯವಿಲ್ಲ. ಆಮೇಲಿನ ಥಿನ್ನಿಂಗ್‌ಗಳಲ್ಲಿ ಪ್ರತಿಯೊಂದು ಮರದ ಮುಂದೆಯೂ ನಿಂತು ತೀರ್ಮಾನಿಸಬೇಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಇಳಿಜಾರಾಗಿದ್ದರೆ ಮೇಲ್ಬದಿಯಲ್ಲಿ ನಿಂತು, ಬಳ್ಳಿಯನ್ನು ಸರಿಸಿ ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ. ತೆಗೆಯಬೇಕಾದ ಮರಕ್ಕೆ ಎದೆಮಟ್ಟದಲ್ಲಿ ಒಮ್ಮೆ, ಕಡಿಯುವ ಜಾಗಕ್ಕಿಂತ ಕೆಳಗೆ ಬುಡದಲ್ಲಿ ಇನ್ನೊಮ್ಮೆ ಇಲಾಖೆಯ ಸುತ್ತಿಗೆಯ ಗುರುತು ಬೀಳುತ್ತದೆ. ಮರ ಹೋದ ಮೇಲೂ ಬುಡದ ಗುರುತು ಕೊರಡಿನಲ್ಲಿ ಉಳಿಯುವುದರಿಂದ, ಗುರುತಿಲ್ಲದ ಕೊರಡು ಕಂಡರೆ ಅದು ಕಳ್ಳ ಕಡಿತವೆಂದು ತಪಾಸಣೆಯಲ್ಲಿ ತಿಳಿಯುತ್ತದೆ.

ಈ ಗುರುತು ಹಾಕುವ ಹೊತ್ತಿನಲ್ಲಿಯೇ ನೆಲೆಯ ನಿರ್ವಹಣೆ ನಡೆಯಬೇಕು. ತೇಗದ ಸಾಲಿನ ನಡುವೆ ತಾನಾಗಿ ಹುಟ್ಟಿದ ಬೀಟೆ, ಹೊನ್ನೆ, ನೆಲ್ಲಿ, ತಾರೆ, ನೇರಳೆ ಇದ್ದರೆ ಅವುಗಳನ್ನು ಉಳಿಸಿ, ಪಕ್ಕದ ತೇಗವನ್ನು ತೆಗೆಯಬೇಕು. ಥಿನ್ನಿಂಗ್ ಆದ ತೋಪಿನಲ್ಲಿ ಉಳಿದ ತೇಗ ಬೇಗ ದಪ್ಪವಾಗುತ್ತದೆ, ನೆಲಕ್ಕೆ ಬೆಳಕು ಬಿದ್ದು ಹುಲ್ಲು ಬರುತ್ತದೆ, ಹುಲ್ಲಿಗೆ ಜಿಂಕೆ ಮತ್ತು ಕಾಟಿ ಬರುತ್ತವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು ಎಂಬುದು ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರು ಮುಂದಿಟ್ಟ ತಿಳಿವಳಿಕೆ. ಹುಲಿಯ ಸಂಖ್ಯೆ ಬೇಟೆಯ ಪ್ರಾಣಿಗಳ ದಟ್ಟಣೆಯನ್ನು ಅನುಸರಿಸುತ್ತದೆ. ಹಾಗಾಗಿ ಥಿನ್ನಿಂಗ್ ಅನ್ನು ವರ್ಷಗಟ್ಟಲೆ ಮುಂದೂಡುವುದರಿಂದ ಕಾಡಿಗೆ ಉಪಕಾರವಾಗುತ್ತದೆ ಎಂಬ ಮಾತನ್ನು ಪ್ರಾದೇಶಿಕ ವಿಭಾಗದ ತೇಗದ ತೋಪುಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಒತ್ತಾಗಿ ಬಿಟ್ಟ ತೋಪು ನಾಟಾಕ್ಕೂ ಕೆಟ್ಟದ್ದು, ಮೇವಿಗೂ ಕೆಟ್ಟದ್ದು.

ಆದರೆ ಇದಕ್ಕೊಂದು ಗಂಭೀರ ಷರತ್ತಿದೆ. ಬುಡದಲ್ಲಿ ಲಂಟಾನ ಎಂಬ ಕಳೆಪೊದೆ ಇದ್ದರೆ ಹೊಸ ಬೆಳಕು ಹುಲ್ಲಿಗೆ ಸಿಗುವ ಮೊದಲು ಲಂಟಾನಕ್ಕೆ ಸಿಗುತ್ತದೆ. ಮೇಲಿನಿಂದ ಸವರಿದರೆ ಅದು ಮತ್ತಷ್ಟು ಕವಲೊಡೆಯುತ್ತದೆ. ಬುಡದ ಗಂಟಿನ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಗಿಡವನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡಬೇಕು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಬೇಕು, ಏಕೆಂದರೆ ಪಿಕಳಾರದಂತಹ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡುತ್ತವೆ. ಮುಂದಿನ ಎರಡು ಮೂರು ಮಳೆಗಾಲ ಮರುಹುಟ್ಟಿನ ಸಸಿಗಳನ್ನು ಕೀಳುವ ಹಣ ಮತ್ತು ಆಳು ಇಲ್ಲದಿದ್ದರೆ, ಆ ಜಾಗದಲ್ಲಿ ಥಿನ್ನಿಂಗ್ ಮಾಡದಿರುವುದೇ ಮೇಲು. ನಾಗರಹೊಳೆ ಭಾಗದಲ್ಲಿ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಇದೇ ಬಗೆಯಲ್ಲಿ ಹರಡುತ್ತಿದ್ದು, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಪೊಟರೆ, ಹಡ್ಲು, ಬಿದಿರು

ಎರಡು ಮೀಟರ್ ಸುತ್ತಳತೆಯ ಹಳೆಯ ಮತ್ತಿಯ ಮರವೊಂದು ಒಳಗೆ ಟೊಳ್ಳಾಗಿದೆ ಎಂದುಕೊಳ್ಳಿ. ಡಿಪೋಗೆ ಬಂದರೆ ಅದು ಸೌದೆಯ ಬೆಲೆಗೆ ಹೋಗುತ್ತದೆ. ಕಾಡಿನಲ್ಲಿ ನಿಂತರೆ ಅದರ ಪೊಟರೆಯಲ್ಲಿ ಮಂಗಟ್ಟೆ ಗೂಡು ಮಾಡಬಹುದು. ಹೆಣ್ಣು ಹಕ್ಕಿ ಪೊಟರೆಯ ಬಾಯನ್ನು ಕಿರಿದಾದ ಸೀಳೊಂದನ್ನು ಬಿಟ್ಟು ಮುಚ್ಚಿಕೊಂಡು ಒಳಗೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ, ಅಷ್ಟು ಕಾಲವೂ ಗಂಡು ಆ ಸೀಳಿನ ಮೂಲಕ ಹಣ್ಣು ತಂದು ಉಣಿಸುತ್ತದೆ. ತಾನೇ ಪೊಟರೆ ಕೊರೆಯಲಾರದ ಈ ಹಕ್ಕಿಗೆ ಹಳೆಯ ಮರವಲ್ಲದೆ ಬೇರೆ ಗತಿಯಿಲ್ಲ. ಮರಕುಟಿಗ ಮತ್ತು ಕುಟ್ರುಹಕ್ಕಿ ಒಣಮರದಲ್ಲಿ ಕೊರೆದು ಬಿಟ್ಟ ತೂತುಗಳಿಗೆ ಮುಂದೆ ಗಿಳಿ, ಮೈನಾ, ಹಾಲಕ್ಕಿ ಸೇರಿಕೊಳ್ಳುತ್ತವೆ. ಮಾರಾಟಕ್ಕೆ ಅತಿ ಕಡಿಮೆ ಬೆಲೆಯ ಮರವೇ ಜೀವಿಗಳಿಗೆ ಅತಿ ಬೆಲೆಯುಳ್ಳದ್ದಾಗಿರುವಾಗ, ಅದನ್ನು ಉಳಿಸುವುದರಿಂದ ಆಗುವ ನಷ್ಟ ಅತ್ಯಲ್ಪ. ಹೆಕ್ಟೇರಿಗೆ ಇಷ್ಟು ಟೊಳ್ಳು ಮರ, ಇಷ್ಟು ಒಣಮರ ಉಳಿಯಬೇಕು ಎಂದು ಕಾರ್ಯಯೋಜನೆಯಲ್ಲಿಯೇ ಸಂಖ್ಯೆ ಬರೆದಿದ್ದರೆ, ಗುರುತು ಹಾಕುವವರ ಇಚ್ಛೆಗೆ ಅದನ್ನು ಬಿಟ್ಟಂತಾಗುವುದಿಲ್ಲ.

ನಾಗರಹೊಳೆಯ ಕಡೆ ಹಡ್ಲು ಎಂದು ಕರೆಯುವ ತಗ್ಗಿನ ಜೌಗು ಹುಲ್ಲುಗಾವಲುಗಳಿವೆ. ಸುತ್ತಲಿನ ಕಾಡು ಎಲೆಯುದುರಿಸಿ ನಿಂತ ಮೇಲೂ ಅಲ್ಲಿ ತೇವ ಉಳಿದು ಹಸಿರು ಮೇವು ಸಿಗುತ್ತದೆ. ನೀರು ನಿಲ್ಲುವ ಮಣ್ಣಿನಲ್ಲಿ ತೇಗ ಬೆಳೆಯುವುದಿಲ್ಲವಾದ್ದರಿಂದ ಹಡ್ಲನ್ನು ಬಿಟ್ಟುಕೊಡುವುದರಲ್ಲಿ ನಾಟಾಕ್ಕೆ ಏನೂ ಖೋತಾ ಇಲ್ಲ. ಅದರ ಅಂಚನ್ನೂ ಹಳ್ಳದ ಎರಡು ದಡಗಳನ್ನೂ ಹೊಳೆಮತ್ತಿ, ನೇರಳೆಗಳ ಸಹಿತ ಹಾಗೆಯೇ ಬಿಡಬೇಕು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಕಣಿವೆಯ ಕಾಡು ಮುಳುಗಿತು; ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಮೇಲೇಳುವ ಹುಲ್ಲಿಗೆ ಆನೆಗಳು ಹಿಂಡು ಹಿಂಡಾಗಿ ಸೇರುತ್ತವೆ. ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುವ ಪ್ರಾಣಿಗೆ ಬೇಸಿಗೆಯ ಹಸಿರು ಎಷ್ಟು ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಿದಿರಿನ ವಿಷಯ ಸಂಕ್ಷಿಪ್ತವಾಗಿ: ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಟ್ಟು ಸಾಯುತ್ತದೆ. ಆನೆಯ ಮೇವು ಒಮ್ಮೆಲೇ ಕುಗ್ಗುತ್ತದೆ, ಒಣಗಿದ ಮೆಳೆಗಳು ಬೆಂಕಿಗೆ ಆಹಾರವಾಗುತ್ತವೆ. ಬಿದ್ದ ಬೀಜ ಮೊಳೆತು ಮೆಳೆಯಾಗುವವರೆಗೆ ಆ ನೆಲವನ್ನು ಬೆಂಕಿಯಿಂದಲೂ ದನಗಳಿಂದಲೂ ಕಾಯುವುದೇ ಮುಖ್ಯ ಕೆಲಸ.

ಬೆಂಕಿ

ತೇಗದ ಅಗಲವಾದ ಎಲೆಗಳು ಬೇಸಿಗೆಗೆ ಮುಂಚೆ ಉದುರಿ ನೆಲದ ಮೇಲೆ ಗರಿಗರಿಯಾಗಿ ಒಣಗುತ್ತವೆ. ಬಲಿತ ತೇಗ ನೆಲಬೆಂಕಿಗೆ ಸಾಯದಿದ್ದರೂ ಬುಡದ ತೊಗಟೆ ಸುಟ್ಟ ಕಡೆ ಕೊಳೆತ ಹೊಕ್ಕು, ದಿಮ್ಮಿಯ ಅತ್ಯುತ್ತಮ ಭಾಗವೇ ಕೆಡುತ್ತದೆ. ಸಹಜವಾಗಿ ಹುಟ್ಟಿದ ಸಸಿಗಳು, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ನಾಶವಾಗುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಾಗ ಒಣ ಲಂಟಾನ ಬೆಂಕಿಯನ್ನು ಏರಿಸಿತು. ಬೆಂಕಿ ದಾಟದಂತೆ ತೆರವಾಗಿಡುವ ಪಟ್ಟಿಗಳನ್ನು, ಅಂದರೆ ಬೆಂಕಿರೇಖೆಗಳನ್ನು, ಬೇಸಿಗೆಗೆ ಮುಂಚೆಯೇ ಸವರಿ, ಒಣಗಿದ್ದನ್ನು ಹತೋಟಿಯಲ್ಲಿ ಸುಟ್ಟು ಸಿದ್ಧಪಡಿಸಬೇಕು. ಕಾಡಂಚಿನ ಹಾಡಿಗಳ ಜೇನುಕುರುಬರು ಮತ್ತು ಬೆಟ್ಟಕುರುಬರು ಬೆಂಕಿ ಕಾವಲಿನಲ್ಲಿ ಬಹುಕಾಲದಿಂದ ದುಡಿಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಕಿರು ಉತ್ಪನ್ನಗಳ ಮೇಲಿನ ಹಕ್ಕನ್ನೂ, ಸಮುದಾಯವಾಗಿ ಕಾಡನ್ನು ಕಾಯುವ ಹಕ್ಕನ್ನೂ ಕೊಟ್ಟಿದೆ. ಯೋಜನೆ ಬರೆಯುವಾಗಲೇ ಅವರನ್ನು ಕೂರಿಸಿಕೊಳ್ಳಬೇಕು, ಕೂಲಿಗೆ ಕರೆಯುವಾಗ ಮಾತ್ರ ಅಲ್ಲ.

ಮೇಲುಕೋಟೆಯ ಕುರುಚಲು ಕಾಡು

ಮೇಲಿನ ಮಾತುಗಳೆಲ್ಲ ಮಂಡ್ಯ ಜಿಲ್ಲೆಯ ಮೇಲುಕೋಟೆಗೆ ಅನ್ವಯಿಸುವುದಿಲ್ಲ. ಸುಮಾರು 50 ಚದರ ಕಿಲೋಮೀಟರಿನ ಆ ಅಭಯಾರಣ್ಯ ತೋಳಗಳಿಗೆ ಹೆಸರಾದದ್ದು. ಕಲ್ಲುಗುಡ್ಡ, ಕುರುಚಲು, ನಡುನಡುವೆ ಬಯಲು ಇರುವ ಅಲ್ಲಿ ನಾಟಾದ ಲೆಕ್ಕಕ್ಕೆ ಅರ್ಥವಿಲ್ಲ. ಬಯಲು ಕಂಡಲ್ಲೆಲ್ಲ ಗಿಡ ನೆಟ್ಟರೆ ತೋಳದ ನೆಲೆಯನ್ನೇ ಕಿರಿದು ಮಾಡಿದಂತಾಗುತ್ತದೆ. ಮರ ಹೆಚ್ಚಿದಷ್ಟೂ ಕಾಡು ಒಳ್ಳೆಯದು ಎಂಬ ಸಾಮಾನ್ಯ ನಂಬಿಕೆಯನ್ನು ಪರೀಕ್ಷಿಸಲು ಈ ಉದಾಹರಣೆಯನ್ನು ನೆನಪಿಡಿ.

ದಾಖಲೆ

ಕಾಡನ್ನು ನಿರ್ವಹಣೆಗಾಗಿ ವಿಂಗಡಿಸಿದ ಪ್ರತಿಯೊಂದು ಕಂಪಾರ್ಟ್‌ಮೆಂಟಿಗೂ ಒಂದು ಇತಿಹಾಸದ ಕಡತವಿರುತ್ತದೆ: ನೆಟ್ಟ ವರ್ಷ, ಥಿನ್ನಿಂಗ್ ಆದ ವರ್ಷ, ಹೊರಬಂದ ಮರದ ಪ್ರಮಾಣ, ಬೆಂಕಿ ಬಿದ್ದ ದಿನ. ವನ್ಯಜೀವಿಗಳ ಮಾಹಿತಿ ಬೇರೆ ಕಡತದಲ್ಲಿ, ಹಲವೊಮ್ಮೆ ಬೇರೆ ಕಚೇರಿಯಲ್ಲಿ ಇರುತ್ತದೆ. ದೇಶದ ಹುಲಿ ಅಂದಾಜು 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದು, ಅದಕ್ಕಾಗಿ ಗಸ್ತಿನ ಸಿಬ್ಬಂದಿ ನೇರ ಸಾಲುಗಳಲ್ಲಿ ನಡೆದು ಜಿಂಕೆ, ಕಡವೆ, ಕಾಟಿಗಳನ್ನು ಎಣಿಸುತ್ತಾರೆ, ಹಿಕ್ಕೆಗಳನ್ನು ದಾಖಲಿಸುತ್ತಾರೆ. ಅದೇ ಎಣಿಕೆಯನ್ನು ಥಿನ್ನಿಂಗ್ ಆದ ಮತ್ತು ಆಗದ ತೋಪುಗಳಲ್ಲಿ, ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಪ್ರತಿ ಬೇಸಿಗೆಯಲ್ಲೂ ನಡೆಸಿ, ಮರದ ಸುತ್ತಳತೆಯ ಪಕ್ಕದ ಅಂಕಣದಲ್ಲಿಯೇ ಬರೆದಿಟ್ಟರೆ, ಹತ್ತು ವರ್ಷದ ಕಾರ್ಯಯೋಜನೆಯನ್ನು ಪರಿಷ್ಕರಿಸುವ ಹೊತ್ತಿಗೆ ಯಾವ ತೋಪಿನಲ್ಲಿ ಎಷ್ಟು ಮರ ಉಳಿಸಿದ್ದರಿಂದ ಏನಾಯಿತು ಎಂಬುದು ಆ ಕಡತದಿಂದಲೇ ತಿಳಿಯುತ್ತದೆ.