ನಾರ್ವೆಯ ನಾಲ್ಕು ಸೊನ್ನೆಗಳು

ಯುರೋಪಿನ ದೇಶಗಳು ವರ್ಷಕ್ಕೊಮ್ಮೆ ಒಂದೊಂದು ಹಾಡು ಕಳಿಸಿ, ಒಬ್ಬರ ಹಾಡಿಗೆ ಇನ್ನೊಬ್ಬರು ಅಂಕ ಕೊಡುವ ಯೂರೋವಿಷನ್ ಸ್ಪರ್ಧೆಗೆ ನಾರ್ವೆ ಕಾಲಿಟ್ಟಿದ್ದು 1960ರಲ್ಲಿ. 1985, 1995 ಮತ್ತು 2009ರಲ್ಲಿ ಗೆದ್ದಿದೆ ಕೂಡ. ಆದರೂ ಅದಕ್ಕೆ ಅಂಟಿಕೊಂಡಿರುವ ಖ್ಯಾತಿ ಬೇರೆಯೇ. 1963, 1978, 1981, 1997 – ನಾಲ್ಕು ಸಲ ಒಂದೇ ಒಂದು ಅಂಕವೂ ದಕ್ಕಲಿಲ್ಲ. ಹಾಡು ಚೆನ್ನಾಗಿರಲಿಲ್ಲ, ಅಷ್ಟೇ ಎಂದು ಮುಗಿಸಬಹುದು. ಆದರೆ ಸೊನ್ನೆ ಹುಟ್ಟುವುದರಲ್ಲಿ ಹಾಡಿನ ಪಾಲು ಎಷ್ಟೋ, ಅಂಕ ಹಂಚುವ ನಿಯಮದ ಪಾಲೂ ಅಷ್ಟೇ ಇದೆ.

1963ರಲ್ಲಿ 16 ದೇಶಗಳು ಹಾಡಿದವು. ಪ್ರತಿ ದೇಶದ ತೀರ್ಪುಗಾರರು ಉಳಿದ 15 ಹಾಡುಗಳಲ್ಲಿ ಐದಕ್ಕೆ ಮಾತ್ರ 5ರಿಂದ 1ರವರೆಗೆ ಅಂಕ ಕೊಡಬೇಕಿತ್ತು. ಎಲ್ಲರ ಪಟ್ಟಿಯಲ್ಲೂ ಆರನೆಯದಾಗಿ ಬಂದ ಹಾಡಿಗೂ ಕೊನೆಗೆ ಸಿಗುವುದು ಸೊನ್ನೆಯೇ! ಆ ವರ್ಷ ನಾರ್ವೆಯ ಜೊತೆ ಸ್ವೀಡನ್, ಫಿನ್ಲೆಂಡ್, ನೆದರ್ಲೆಂಡ್ಸ್ ಕೂಡ ಬರಿಗೈಯಲ್ಲಿ ಮರಳಿದವು.

1975ರಲ್ಲಿ ನಿಯಮ ಬದಲಾಯಿತು. 12, 10, ಆಮೇಲೆ 8ರಿಂದ 1 – ಹೀಗೆ ಹತ್ತು ಹಾಡುಗಳಿಗೆ ಅಂಕ. ಇನ್ನು ಸೊನ್ನೆ ಬರುವುದು ಕಷ್ಟ ಅನ್ನಿಸುತ್ತದಲ್ಲವೇ? 1978ರ ಪ್ಯಾರಿಸ್ ಸ್ಪರ್ಧೆಯಲ್ಲಿ 20 ದೇಶಗಳಿದ್ದವು. ತೀರ್ಪುಗಾರರು ಹಾಡು ಕೇಳದೆ ಚೀಟಿ ಎತ್ತಿದರು ಎಂದುಕೊಳ್ಳಿ. ಒಂದು ದೇಶದ ಹತ್ತರ ಪಟ್ಟಿಯಿಂದ ನಿಮ್ಮ ಹಾಡು ಹೊರಗುಳಿಯುವ ಸಂಭವ 19ರಲ್ಲಿ 9. ಹತ್ತೊಂಬತ್ತೂ ದೇಶಗಳ ಪಟ್ಟಿಯಿಂದ ಹೊರಗುಳಿಯಬೇಕಾದರೆ ಅಂಥ 19 ಸಂಭವಗಳನ್ನು ಒಂದಕ್ಕೊಂದು ಗುಣಿಸಬೇಕು. ಉತ್ತರ, ಸುಮಾರು 15 ಲಕ್ಷದಲ್ಲಿ ಒಂದು. 1963ರ ನಿಯಮಕ್ಕೆ ಇದೇ ಲೆಕ್ಕ ಹಾಕಿದರೆ 440ರಲ್ಲಿ ಒಂದು.

ಹಾಗಿದ್ದೂ ನಾರ್ವೆಯ ಗಾಯಕ ಯಾನ್ ಟೈಗೆನ್ ಪ್ಯಾರಿಸ್‌ನಲ್ಲಿ ಸೊನ್ನೆ ಪಡೆದರು. ಮೂರೇ ವರ್ಷದಲ್ಲಿ ಫಿನ್ ಕಾಲ್ವಿಕ್ ಕೂಡ. ಅಂದರೆ ಚೀಟಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಂಭವಗಳನ್ನು ಹೀಗೆ ಗುಣಿಸಬೇಕಾದರೆ ಒಬ್ಬರ ಆಯ್ಕೆಗೂ ಇನ್ನೊಬ್ಬರದಕ್ಕೂ ಸಂಬಂಧ ಇರಬಾರದು. ಕಿವಿಗಳು ಹಾಗಲ್ಲ. ಒಂದು ದೇಶಕ್ಕೆ ರುಚಿಸದ್ದು ಪಕ್ಕದ ದೇಶಕ್ಕೂ ರುಚಿಸದಿರುವುದೇ ಹೆಚ್ಚು. ಹತ್ತೊಂಬತ್ತು ಮಂಡಳಿಗಳಿದ್ದವು, ಅಭಿರುಚಿಗಳು ಅಷ್ಟಿರಲಿಲ್ಲ. (ಟೈಗೆನ್ ಎದೆಗುಂದಲಿಲ್ಲ. ಸೋತ ಹಾಡೇ ನಾರ್ವೆಯಲ್ಲಿ ಮನೆಮಾತಾಯಿತು. 1983ರಲ್ಲಿ ಮತ್ತೆ ಹಾಡಿ ಒಂಬತ್ತನೆಯವರಾದರು.)

ಅಭಿರುಚಿಯ ಈ ಒಗ್ಗಟ್ಟು ಕೆಳಕ್ಕೆ ತಳ್ಳುವಂತೆ ಮೇಲಕ್ಕೂ ಎತ್ತುತ್ತದೆ. 2009ರಲ್ಲಿ ಮಾಸ್ಕೋದಲ್ಲಿ ಪಿಟೀಲು ಹಿಡಿದು ಹಾಡಿದ ಅಲೆಕ್ಸಾಂಡರ್ ರೀಬಾಕ್ 387 ಅಂಕ ಬಾಚಿದರು. ಎರಡನೆಯ ಸ್ಥಾನದ ಐಸ್ಲೆಂಡಿಗೆ 218.

ನನಗೆ ಹೆಚ್ಚು ಕುತೂಹಲದ್ದು 2019ರ ಟೆಲ್ ಅವೀವ್ ಫಲಿತಾಂಶ. 2016ರಿಂದ ತೀರ್ಪುಗಾರರ ಅಂಕವೂ ವೀಕ್ಷಕರ ಅಂಕವೂ ಬೇರೆ ಬೇರೆ. ಸಾಮಿ ಬುಡಕಟ್ಟಿನ ಯೋಯ್ಕ್ ಗಾಯನವನ್ನು ಪಾಪ್ ಸಂಗೀತಕ್ಕೆ ಬೆರೆಸಿದ ನಾರ್ವೆಯ ಕೈನೋ ತಂಡಕ್ಕೆ ವೀಕ್ಷಕರು 291 ಅಂಕ ಕೊಟ್ಟರು. ವೀಕ್ಷಕರ ಪಟ್ಟಿಯಲ್ಲಿ ಆ ಹಾಡಿಗೇ ಮೊದಲ ಸ್ಥಾನ. ತೀರ್ಪುಗಾರರು ಕೊಟ್ಟದ್ದು 40. ಒಟ್ಟು 331, ಆರನೆಯ ಸ್ಥಾನ. ಗೆದ್ದ ನೆದರ್ಲೆಂಡ್ಸ್‌ಗೆ ವೀಕ್ಷಕರಿಂದ 261, ತೀರ್ಪುಗಾರರಿಂದ 237.

ಇಷ್ಟು ಅಂತರಕ್ಕೆ ಅಭಿರುಚಿಯಷ್ಟೇ ಕಾರಣವಲ್ಲ. ವೀಕ್ಷಕ ಫೋನ್ ಎತ್ತುವುದು ಮೆಚ್ಚಿದ ಹಾಡಿಗೆ. ಆಗ ಒಂದು ಫೋನಿನಿಂದ 20 ಮತ ಹಾಕಬಹುದಿತ್ತು. ಹಾಡು ಹಿಡಿಸದವನಿಗೆ ಅದರ ಮತ ಕಳೆಯುವ ದಾರಿಯಿಲ್ಲ. ತೀರ್ಪುಗಾರರಾದರೋ ತಮ್ಮ ದೇಶದ್ದು ಬಿಟ್ಟು ಉಳಿದೆಲ್ಲ ಹಾಡುಗಳನ್ನೂ ಮೇಲಿನಿಂದ ಕೆಳಗಿನವರೆಗೆ ಕ್ರಮವಾಗಿ ಜೋಡಿಸಬೇಕು. ಆಗ ಪ್ರತಿ ದೇಶದಲ್ಲಿದ್ದ ಐವರು ತೀರ್ಪುಗಾರರಲ್ಲಿ ಒಬ್ಬಿಬ್ಬರು ಕೆಳಗಿಟ್ಟರೂ ಹಾಡು ಮೊದಲ ಹತ್ತರಿಂದ ಜಾರಬಹುದಿತ್ತು. ಹನ್ನೊಂದನೆಯದಾದರೆ, ಆ ದೇಶದ ತೀರ್ಪುಗಾರರ ಲೆಕ್ಕದಲ್ಲಿ ಮತ್ತೆ ಸೊನ್ನೆ.