ಸೂಪರ್‌ನೋವಾ ಎಲ್ಲಿ ಸಿಡಿಯಿತು ಅನ್ನುವುದು ಯಾಕೆ ಮುಖ್ಯ?

ಸೂಪರ್‌ನೋವಾ ಅಂದರೆ ನಕ್ಷತ್ರದ ಸಾವಿನ ಭಾರೀ ಸಿಡಿತ. ಆ ಪಾಠ ಓದುವಾಗ ನಾನು ಮೊದಲು ಸಿಡಿತವನ್ನಷ್ಟೇ ನೋಡುತ್ತಿದ್ದೆ. ಎಷ್ಟು ಬೆಳಕು, ಎಷ್ಟು ದಿನ ಉಳಿಯಿತು, ರೋಹಿತದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ) ಏನು ಕಂಡಿತು, ಅಷ್ಟೇ. ಯಾವ ಗ್ಯಾಲಕ್ಸಿ ಅನ್ನುವುದನ್ನು ಸುಮ್ನೆ ವಿಳಾಸದ ಥರ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಸತ್ತ ನಕ್ಷತ್ರದ ವಯಸ್ಸು ಆ ವಿಳಾಸದಲ್ಲೇ ಅಡಗಿದೆ ಎಂದು ಹೊಳೆದದ್ದು ಆಮೇಲೆ.

ಮೊದಲು ಸಿಡಿಯುವ ಬಗೆ. ಸೂರ್ಯನ ಸುಮಾರು 8 ಪಟ್ಟಿಗಿಂತ ಜಾಸ್ತಿ ದ್ರವ್ಯರಾಶಿಯ ನಕ್ಷತ್ರದಲ್ಲಿ ಕೊನೆಗೆ ತಿರುಳು ಕುಸಿಯುತ್ತದೆ, ಹೊರಪದರಗಳು ಚಿಮ್ಮುತ್ತವೆ. ಟೈಪ್ 2, 1ಬಿ, 1ಸಿ ಇವೆಲ್ಲ ಈ ಜಾತಿಯವು. ಟೈಪ್ 1ಎ ಬೇರೆ. ಅಲ್ಲಿ ಸಿಡಿಯುವುದು ಶ್ವೇತ ಕುಬ್ಜ, ಅಂದರೆ ಸಣ್ಣ ನಕ್ಷತ್ರ ಉರಿದು ಉಳಿದ ದಟ್ಟ ತಿರುಳು. ಜೊತೆಗಿರುವ ಇನ್ನೊಂದು ನಕ್ಷತ್ರದಿಂದ ದ್ರವ್ಯ ಎಳೆದುಕೊಂಡೋ, ಇನ್ನೊಂದು ಶ್ವೇತ ಕುಬ್ಜದ ಜೊತೆ ಸೇರಿಯೋ ಅದರೊಳಗಿನ ಇಂಗಾಲ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. 1941ರಲ್ಲಿ ಖಗೋಳವಿಜ್ಞಾನಿ ಮಿಂಕೋವ್‌ಸ್ಕಿ ರೋಹಿತದಲ್ಲಿ ಹೈಡ್ರೋಜನ್ ಇದ್ದರೆ ಟೈಪ್ 2, ಇಲ್ಲದಿದ್ದರೆ ಟೈಪ್ 1 ಎಂದು ವಿಂಗಡಿಸಿದರು. ಅದಕ್ಕೇ 1ಬಿ, 1ಸಿ ಹೆಸರಿನಲ್ಲಿ 1ಎ ಜೊತೆ ನಿಂತಿವೆ, ಹುಟ್ಟಿನಲ್ಲಿ ಟೈಪ್ 2ರ ನಂಟರು.

ಈಗ ವಯಸ್ಸಿನ ಲೆಕ್ಕ. ಸೂರ್ಯನಂಥ ನಕ್ಷತ್ರ ಸುಮಾರು 1000 ಕೋಟಿ ವರ್ಷ ಬಾಳುತ್ತದೆ. 8 ಪಟ್ಟು ದೊಡ್ಡದಾದರೆ ಸುಮಾರು 4 ಕೋಟಿ ವರ್ಷ. ಇನ್ನೂ ದೊಡ್ಡವು ಒಂದು ಕೋಟಿ ದಾಟುವುದೂ ಕಷ್ಟ. ಇಷ್ಟು ಕಡಿಮೆ ಆಯುಸ್ಸಿನಲ್ಲಿ ನಕ್ಷತ್ರ ಎಷ್ಟು ದೂರ ಹೋದೀತು? ಹೆಚ್ಚಿನವು ಹುಟ್ಟಿದ ಅನಿಲ ಮೋಡದ ಆಸುಪಾಸಿನಲ್ಲೇ ಸಾಯುತ್ತವೆ. ಹಾಗಾಗಿ ತಿರುಳು ಕುಸಿಯುವ ಸೂಪರ್‌ನೋವಾಗಳು ಸುರುಳಿ ಗ್ಯಾಲಕ್ಸಿಯ ತೋಳುಗಳಲ್ಲಿ, ಹೊಸ ನಕ್ಷತ್ರಗಳು ಹುಟ್ಟುವ ಕಡೆ ಸಿಗುತ್ತವೆ. 1987ರಲ್ಲಿ ಕಂಡ 1987ಎ ಎಂಬ ಸೂಪರ್‌ನೋವಾ ಸಿಡಿದದ್ದೂ ಅಂಥ ಕಡೆಯೇ: ದೊಡ್ಡ ಮೆಗೆಲ್ಲನ್ ಮೋಡ ಎಂಬ ನೆರೆಯ ಸಣ್ಣ ಗ್ಯಾಲಕ್ಸಿಯಲ್ಲಿ, ನಕ್ಷತ್ರಗಳು ಹುಟ್ಟುವ ಟರಾಂಟುಲಾ ನೀಹಾರಿಕೆಯ ಹತ್ತಿರ. ಎನ್‌ಜಿಸಿ 6946 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳ ಹುಟ್ಟು ಜೋರು. ಅಲ್ಲಿ 1917ರಿಂದ 2017ರವರೆಗೆ 10 ಸೂಪರ್‌ನೋವಾ ಕಂಡಿವೆ. ನಮ್ಮ ಹಾಲುಹಾದಿಯಲ್ಲಿ ಬರಿಗಣ್ಣಿಗೆ ಖಚಿತವಾಗಿ ಕಂಡ ಕೊನೆಯದು 1604ರದ್ದು.

ಅಂಡಾಕಾರದ ಗ್ಯಾಲಕ್ಸಿಗಳಲ್ಲಿ ತಣ್ಣನೆಯ ಅನಿಲ ತೀರಾ ಕಡಿಮೆ, ಹೊಸ ಹುಟ್ಟು ಹೆಚ್ಚುಕಮ್ಮಿ ನಿಂತಿದೆ. ದೊಡ್ಡ ನಕ್ಷತ್ರಗಳು ಯಾವತ್ತೋ ಮುಗಿದುಹೋಗಿವೆ. ಅಲ್ಲಿ ಕಾಣುವುದು ಬಹುಪಾಲು 1ಎ ಮಾತ್ರ. ಶ್ವೇತ ಕುಬ್ಜಕ್ಕೆ ಅವಸರವಿಲ್ಲ, ನೂರಾರು ಕೋಟಿ ವರ್ಷ ಕಾದು ಸಿಡಿಯಬಲ್ಲದು.

ಇಲ್ಲಿ ಎಲ್ಲರೂ ಜಾರುತ್ತಾರೆ, ನಾನೂ ಜಾರಿದ್ದೆ. '1ಎ ಅಂದರೆ ಮುದಿ ಗ್ಯಾಲಕ್ಸಿ' ಎಂದು ಬರೆದುಕೊಂಡರೆ ತಪ್ಪು. ಕೆಲವು 1ಎಗಳು ಹತ್ತಾರು ಕೋಟಿ ವರ್ಷದೊಳಗೇ ಸಿಡಿಯುತ್ತವೆ, ಕಾಲ ಹೋದಂತೆ ಅವುಗಳ ಸಂಖ್ಯೆ ಇಳಿಯುತ್ತದೆ. ಅಷ್ಟೇ ದ್ರವ್ಯರಾಶಿಗೆ ಲೆಕ್ಕ ಹಾಕಿದರೆ, ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಯಲ್ಲೇ 1ಎ ಕೂಡ ಜಾಸ್ತಿ! ಎಂ101 ಒಳ್ಳೆಯ ಉದಾಹರಣೆ. ಒಂದೇ ಸುರುಳಿ ಗ್ಯಾಲಕ್ಸಿ, 2011ರಲ್ಲಿ ಟೈಪ್ 1ಎ, 2023ರಲ್ಲಿ ಟೈಪ್ 2. ಅಂದರೆ ಗ್ಯಾಲಕ್ಸಿಯ ಆಕಾರ ನೋಡಿ 'ಇದು ಟೈಪ್ 2' ಎನ್ನುವಂತಿಲ್ಲ. ಆದರೆ ಅಂಡಾಕಾರದ್ದಾದರೆ 'ಟೈಪ್ 2 ಅಲ್ಲ' ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು.

ಮಾಮೂಲಿಗಿಂತ ಹತ್ತಾರು ಪಟ್ಟು ಹೊಳೆಯುವ ಕೆಲವು ಸೂಪರ್‌ನೋವಾಗಳು ಸಣ್ಣ, 'ಲೋಹ' ಕಡಿಮೆ ಇರುವ ಗ್ಯಾಲಕ್ಸಿಗಳನ್ನೇ ಆರಿಸಿಕೊಂಡಂತೆ ಕಾಣುತ್ತವೆ. (ಖಗೋಳದವರಿಗೆ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹ, ಆಮ್ಲಜನಕವೂ! ರಸಾಯನಶಾಸ್ತ್ರದ ಮೇಷ್ಟ್ರ ಮುಂದೆ ಹೇಳಬೇಡಿ.) ಲೋಹ ಕಡಿಮೆಯಾದರೆ ನಕ್ಷತ್ರದ ಗಾಳಿಯೂ (ಅದರ ಮೈಯಿಂದ ಹೊರಗೆ ಹರಿದುಹೋಗುವ ಅನಿಲ) ಬಲಹೀನ. ಆಗ ಅದು ತನ್ನ ದ್ರವ್ಯವನ್ನೂ ಗಿರಕಿಯನ್ನೂ ಕೊನೆಯವರೆಗೆ ಉಳಿಸಿಕೊಳ್ಳಬಹುದು. ಇದು ಒಂದು ಮುಖ್ಯ ವಿವರಣೆ.

ಇನ್ನು ನನಗೆ ತುಂಬಾ ಹಿಡಿಸಿದ ಭಾಗ. 1ಎಗಳ ಹೊಳಪನ್ನು ಅಳತೆಗೋಲು ಮಾಡಿಕೊಂಡೇ 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಗೊತ್ತಾದದ್ದು. ಪರ್ಲ್‌ಮಟರ್, ಶ್ಮಿಟ್, ರೀಸ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ನಿಧಾನವಾಗಿ ಮಂಕಾಗುವ 1ಎಗೆ ಹೊಳಪು ಜಾಸ್ತಿ, ಬೇಗ ಮಂಕಾಗುವುದಕ್ಕೆ ಕಡಿಮೆ. ಇದನ್ನೂ ಬಣ್ಣವನ್ನೂ ಲೆಕ್ಕಕ್ಕೆ ಹಿಡಿದು ಹೊಳಪನ್ನು ಸರಿಪಡಿಸುತ್ತಾರೆ. ಹಾಗೆ ಸರಿಪಡಿಸಿದ ಮೇಲೂ ಒಂದು ವ್ಯತ್ಯಾಸ ಉಳಿಯಿತು ಎಂದು 2010ರ ಹೊತ್ತಿಗೆ ಕಂಡುಬಂತು. ಸುಮಾರು 1000 ಕೋಟಿ ಸೂರ್ಯರಿಗಿಂತ ಭಾರದ ಗ್ಯಾಲಕ್ಸಿಗಳಲ್ಲಿ ಸಿಡಿದವು ತುಸು ಹೆಚ್ಚು ಹೊಳೆಯುತ್ತವೆ. ವ್ಯತ್ಯಾಸ ಹತ್ತನೇ ಒಂದು ಮ್ಯಾಗ್ನಿಟ್ಯೂಡ್ (ಖಗೋಳದವರ ಹೊಳಪಿನ ಅಳತೆ) ಒಳಗಡೆ. ಸಣ್ಣದೇ, ಅಲ್ವಾ? ಆದರೆ ಅಳತೆಗೋಲು ಇಷ್ಟು ಅಲುಗಾಡಿದರೂ ಈಗಿನ ಲೆಕ್ಕಗಳಿಗೆ ತೊಂದರೆ. ಅದಕ್ಕೇ ಗ್ಯಾಲಕ್ಸಿಯ ದ್ರವ್ಯರಾಶಿಗೂ ಒಂದು ತಿದ್ದುಪಡಿ ಸೇರಿಸುತ್ತಾರೆ. ಕಾರಣ ನಕ್ಷತ್ರಗಳ ವಯಸ್ಸೋ, ಲೋಹವೋ, ಧೂಳೋ ಎಂಬ ವಾದ ಇನ್ನೂ ನಡೆದಿದೆ.

ನಂಟು ತಿರುವುಮುರುವಾಗಿಯೂ ಇದೆ, ಸೂಪರ್‌ನೋವಾಗಳೂ ಗ್ಯಾಲಕ್ಸಿಯನ್ನು ಬದಲಿಸುತ್ತವೆ. ತಿರುಳು ಕುಸಿತ ಆಮ್ಲಜನಕ, ಮೆಗ್ನೀಸಿಯಂಗಳನ್ನು ಬೇಗ ಹರಡುತ್ತದೆ. ಕಬ್ಬಿಣದ ದೊಡ್ಡ ಪಾಲು 1ಎಯಿಂದ, ಅದು ತಡವಾಗಿ ಬರುತ್ತದೆ. ಭಾರೀ ಅಂಡಾಕಾರದ ಗ್ಯಾಲಕ್ಸಿಗಳ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಜಾಸ್ತಿ. 1ಎಗಳು ಕಬ್ಬಿಣ ಬೆರೆಸುವಷ್ಟು ಹೊತ್ತು ಸಿಗುವ ಮೊದಲೇ ಅಲ್ಲಿನ ನಕ್ಷತ್ರಗಳು ಹುಟ್ಟಿ ಮುಗಿದಿದ್ದವು. ಇವತ್ತು ಟೈಪ್ 2 ಹುಡುಕಿದರೂ ಸಿಗದ ಗ್ಯಾಲಕ್ಸಿ, ಆದರೆ ಆ ಮೆಗ್ನೀಸಿಯಂ ಬಂದದ್ದು ಒಂದು ಕಾಲದಲ್ಲಿ ಅಲ್ಲೇ ಸಿಡಿದ ದೊಡ್ಡ ನಕ್ಷತ್ರಗಳಿಂದ.